ತಿಂಗಳಿಗೊಮ್ಮೆ ತಪ್ಪುವ ತಾರೀಖು

ಭೋಜ ಮತ್ತು ಅಂಕಲಿ ಊರುಗಳ ಹಾಲಿನ ಡೇರಿಗಳ ಕಂಪ್ಯೂಟರುಗಳು ತಿಂಗಳಿಗೊಮ್ಮೆ ಚೀಟಿಯಲ್ಲಿ ಹಿಂದಿನ ದಿನದ ತಾರೀಖು ಮುದ್ರಿಸುತ್ತಿದ್ದವು. ತೆಲಸಂಗದ್ದು ಮಾತ್ರ ತಪ್ಪುತ್ತಿರಲಿಲ್ಲ. ತಪ್ಪು ತಮ್ಮ ಆಪರೇಟರ್ ಸುಮಿತ್ರಾ ಅವರದೆಂದು ಅಂಕಲಿಯ ಸೆಕ್ರೆಟರಿ ಆಕೆಯನ್ನು ಕೆಲಸದಿಂದ ತೆಗೆಯಲು ಹೊರಟಿದ್ದರು.

ಡೇರಿಗಳಿಗೆ ಸಾಫ್ಟ್‌ವೇರ್ ಕೊಟ್ಟ ಕಂಪನಿಯಿಂದ ಹೋಗಿದ್ದ ನಾನು ತಪ್ಪಿದ ದಿನಗಳ ಪಟ್ಟಿ ಮಾಡಿ ಸುಮಿತ್ರಾ ಅವರಿಗೆ ತೋರಿಸಿದೆ. ಅವರು ಗೋಡೆಯ ಕ್ಯಾಲೆಂಡರ್ ನೋಡಿದರು.

"ಎಲ್ಲಾ ಅಮಾಸಿ ಮರುದಿನಾನ ಅದಾವಲ್ರೀ ಸರ! ಅಮಾಸಿಗೆ ನಾವು ಮಷಿನ್ ಹಚ್ಚಂಗಿಲ್ಲ, ಕೈಲೇ ಬರೀತೀವಿ."

ಭೋಜದಲ್ಲೂ ಅದೇ ರೂಢಿ; ತೆಲಸಂಗದಲ್ಲಿ ಮಾತ್ರ ಅಮಾವಾಸ್ಯೆಗೂ ಮಷಿನ್ ಹಚ್ಚುತ್ತಿದ್ದರು. ಇಡೀ ದಿನ ಬಂದ್ ಇಟ್ಟರೆ ನಮ್ಮ ಸಾಫ್ಟ್‌ವೇರ್ ಮರುದಿನ ಆ ಬಂದ್ ದಿನದ ತಾರೀಖನ್ನೇ ಹಾಕುತ್ತಿತ್ತು. ಅದನ್ನು ಸರಿಪಡಿಸಿ, ತಪ್ಪು ನಮ್ಮದೆಂದು ಸೆಕ್ರೆಟರಿಗೆ ಹೇಳಿದೆ.

"ಹಂಗಾರ ಅಕ್ಕಾರು ಇಲ್ಲೇ ಇರ್ಲಿ ಬಿಡ್ರಿ," ಎಂದವರು ದನಿ ತಗ್ಗಿಸಿದರು. "ಅಮಾಸಿ ಮಷಿನ್ನಿಗೂ ಕಾಡತೈತಿ ಅಂತ ನೀವು ಮೊದಲ ಹೇಳಬೇಕಿತ್ತಲ್ರೀ?"

ಸುಮಿತ್ರಾ ಅವರ ಕೆಲಸ ಉಳಿದಿತ್ತು. ನಾನು ವಾದಿಸಲಿಲ್ಲ.