ಏಕಾದಶಿಯ ಸುಟ್ಟ ಬಟಾಟೆ

ಬಟಾಟೆ ಸುಡುವುದೂ ಒಂದು ವಿದ್ಯೆಯೇ ಎಂದು ಮೂಗು ಮುರಿಯುವವರು ಪುಣೆಯ ಸದಾಶಿವ ಪೇಠೆಗೆ ಹೋಗಿ ಮಹಾಲಿಂಗಣ್ಣನ ಕೈರುಚಿ ನೋಡಿ ಬರಲಿ, ಆಮೇಲೆ ಮಾತಾಡೋಣ. ಬೈಂದೂರು ಕಡೆಯ ಈ ಮನುಷ್ಯ, ಹೋಟೆಲಿನ ಮಾಲೀಕ ಸುಖೇಶನ ಅಪ್ಪನ ಕಾಲದಿಂದ, ಅಂದರೆ ಇಪ್ಪತ್ತೆರಡು ವರ್ಷಗಳಿಂದ, ಕೆಂಡದ ಒಲೆ ಬಿಟ್ಟು ಅಲುಗಾಡಿದವನಲ್ಲ. ಬಟಾಟೆಯನ್ನು ಮುಕ್ಕಾಲು ಬೇಯಿಸಿ, ಎರಡು ಹೋಳು ಮಾಡಿ, ಮಸಾಲೆ ಸವರಿ ಕಬ್ಬಿಣದ ಜಾಲರಿಯ ಮೇಲೆ ಬೋರಲು ಇಡುತ್ತಾನೆ. ಹೋಳು ತಾನಾಗಿ ಜಾಲರಿ ಬಿಡುವ ತನಕ ಮುಟ್ಟುವುದಿಲ್ಲ. ಅವಸರದವರು ಕೆದಕುತ್ತಾರೆ, ಮಸಾಲೆಯೆಲ್ಲ ಜಾಲರಿಗೇ ಅಂಟಿಕೊಳ್ಳುತ್ತದೆ. ಊಟದ ತಟ್ಟೆಯ ಮೂಲೆಯಲ್ಲಿ ನಂಚಿಕೊಳ್ಳಲೆಂದು ಇಡುವ ಈ ನಾಲ್ಕು ಹೋಳಿಗಾಗಿಯೇ ಜನ ಬಾಗಿಲಲ್ಲಿ ಕಾಯುತ್ತಾರೆ.

ಏಕಾದಶಿಯಂದು ಮಾತ್ರ ಕ್ರಮವೇ ಬೇರೆ. ಪುಣೆಯ ಉಪವಾಸದವರಿಗೆ ಬಟಾಟೆ ನಡೆಯುತ್ತದೆ. ಅರಿಶಿನ, ಇಂಗು, ಈರುಳ್ಳಿ ನಡೆಯುವುದಿಲ್ಲ. ಅವರಿಗೆಂದೇ ಬೇರೆ ಜಾಲರಿ. ಅದಕ್ಕೆ ಎಣ್ಣೆ ಸವರುವುದೂ, ದಿನದಂತೆ, ದೋಸೆಕಲ್ಲಿಗೆ ಸವರುವ ಹಾಗೆ ಕಡ್ಡಿಗೆ ಚುಚ್ಚಿದ ಅರ್ಧ ಈರುಳ್ಳಿಯಿಂದಲ್ಲ, ಅರ್ಧ ಹಸಿ ಬಟಾಟೆಯಿಂದ.

ಮಾಘದ ಏಕಾದಶಿಯ ಬೆಳಿಗ್ಗೆ ಎಂಟು ತಟ್ಟೆ ಹೊರಗೆ ಹೋದ ಮೇಲೆ ಮಹಾಲಿಂಗಣ್ಣ ತನ್ನ ಕೈ ನೋಡಿಕೊಂಡ. ಕೈಯಲ್ಲಿದ್ದದ್ದು ಈರುಳ್ಳಿ. ಹಾಳು ರೂಢಿ, ಅವನನ್ನು ಕೇಳದೆಯೇ ಕೈ ಅದನ್ನು ಎತ್ತಿಕೊಂಡು ಉಪವಾಸದ ಜಾಲರಿಗೆ ಸವರಿತ್ತು. ಹೊರಗೆ ಮೂಲೆಯ ಮೇಜಿನಲ್ಲಿ ಅಂಬಾಬಾಯಿ ಕೂತಿದ್ದರು. ವಿಜಯಪುರ ಕಡೆಯವರು, ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಮೂವತ್ತೊಂದು ವರ್ಷದಲ್ಲಿ ಒಂದು ಏಕಾದಶಿಯನ್ನೂ ಕೆಡಿಸಿಕೊಂಡವರಲ್ಲ. ಉಪವಾಸದ ದಿನ ಹೊರಗೆ ಎಲ್ಲಿಯೂ ತಿನ್ನದ ಅವರು ಇಲ್ಲಿ ಮಾತ್ರ ತಿನ್ನುತ್ತಿದ್ದರು, ಇವನೊಬ್ಬನನ್ನು ನಂಬಿ.

"ಸುಮ್ನಿರಿ ಮಹಾಲಿಂಗಣ್ಣ," ಎಂದ ಸುಖೇಶ್, ಕಿವಿಯ ಹತ್ತಿರ ಬಂದು. "ಕೆಂಡದಲ್ಲಿ ವಾಸನೆ ಸುಟ್ಟು ಹೋಗಿರ್ತದೆ. ಯಾರಿಗೆ ಗೊತ್ತಾಗ್ತದೆ? ಹೇಳಿದ್ರೆ ಇನ್ನು ಏಕಾದಶಿಗೆ ಒಂದು ನರಪಿಳ್ಳೆಯೂ ಬರುವುದಿಲ್ಲ."

"ನಂಗೆ ಗೊತ್ತುಂಟಲ್ಲ," ಎಂದು ಮಹಾಲಿಂಗಣ್ಣ ಕೈ ಒರೆಸಿಕೊಂಡು ಹೊರಗೆ ನಡೆದ.

ನಡೆದದ್ದನ್ನು ಎಲ್ಲರಿಗೂ ಕೇಳುವಂತೆ ಮರಾಠಿಯಲ್ಲಿ ಹೇಳಿದ, ಅಂಬಾಬಾಯಿಗೆ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದ. ಒಬ್ಬರು ನಕ್ಕು ತಿನ್ನುತ್ತಲೇ ಇದ್ದರು, ಇಬ್ಬರು ಬಾಯಿಗೆ ಬಂದಂತೆ ಬೈದರು. ಅಂಬಾಬಾಯಿ ಬೈಯಲೂ ಇಲ್ಲ. ಆಗಲೇ ಎರಡು ಹೋಳು ತಿಂದಾಗಿತ್ತು. ತಟ್ಟೆ ಸರಿಸಿ, ಬಾಯಿ ಮುಕ್ಕಳಿಸಿ, ಮೆಟ್ಟಿಲಿಳಿದು ಹೋದರು. ಬೈಗುಳವನ್ನಾದರೂ ನುಂಗಬಹುದಿತ್ತು. ಅಂದು ಮಹಾಲಿಂಗಣ್ಣನೂ ಉಣ್ಣಲಿಲ್ಲ.

ಮರುದಿನ ದ್ವಾದಶಿ, ಪಾರಣೆ ಮಾಡಿ ಉಪವಾಸ ಮುಗಿಸುವ ದಿನ. ಯಾವಾಗಲೂ ಆ ದಿನ ಮನೆಯಲ್ಲೇ ಉಣ್ಣುತ್ತಿದ್ದ ಅಂಬಾಬಾಯಿ ಈ ಸಲ ಬಂದು ಅದೇ ಮೂಲೆಯ ಮೇಜಿಗೆ ಕೂತರು. ಮಹಾಲಿಂಗಣ್ಣ ಎದುರಿಗೆ ಹೋಗಿ ನಿಂತ, ತಲೆ ಎತ್ತಲಿಲ್ಲ.

"ನಿನ್ನಿ ಮನಿಗೆ ಹೋದಮ್ಯಾಲೆ ನೀರು ಸೈತ ಮುಟ್ಟಿಲ್ರಿ," ಎಂದರು ಅವರು. "ಭಾಳ ಸಿಟ್ಟು ಬಂದಿತ್ತು. ಆಮ್ಯಾಲೆ ವಿಚಾರ ಮಾಡಿದೆ. ನೀವು ಹೇಳದಿದ್ರ ನನಗ ತಿಳೀತಿದ್ದಿಲ್ಲ."

"ತಪ್ಪಾಯ್ತಮ್ಮ."

"ತಪ್ಪು ಆಗ್ಯದ, ಇಲ್ಲನ್ನಂಗಿಲ್ಲ. ಈಗ ಪಾರಣಿ ನಿಮ್ಮ ಕೈಲೇ ಆಗ್ಲಿ. ದಿನಾ ಮಾಡ್ತೀರಲ್ಲ, ಆ ಮಸಾಲಿದು ತರ್ರಿ, ಉಳ್ಳಾಗಡ್ಡಿ ಸವರಿದ್ದು. ಏಕಾದಶಿಗಷ್ಟ ಬರ್ತೀನಲ್ಲ, ಇಷ್ಟು ವರ್ಷ ಬರೇ ವಾಸನಿ ನೋಡಿ ಹೋಗೀನಿ."

ಮಹಾಲಿಂಗಣ್ಣ ಒಳಗೆ ಹೋಗಿ ಅರ್ಧ ಈರುಳ್ಳಿಯನ್ನು ಕಡ್ಡಿಗೆ ಚುಚ್ಚಿದ. ಹೋಳು ತಾನಾಗಿ ಜಾಲರಿ ಬಿಡುವವರೆಗೆ ಅವನೂ ಕಾದ, ಹೊರಗೆ ಅವರೂ ಕಾದರು.