ಉಸ್ತಾದರ ಕಿವಿ

ಹೋದ ತಿಂಗಳು ಹುಣಸಗಿ ಕಡೆಯ ಒಂದು ಹೊಲಕ್ಕೆ ಹೋಗಿದ್ದೆ. ಬೀಗರು ಭತ್ತ ಕೊಯ್ಲಿಗೆ ಬಂದಿದೆ, ನೋಡಲು ಬನ್ನಿ ಎಂದು ಕರೆದಿದ್ದರು. ದೊಡ್ಡ ಕಾಲುವೆಯಿಂದ ಒಡೆದು ಬಂದ ಸಣ್ಣದೊಂದು ಕಾಲುವೆ ದಾರಿಗೆ ಅಡ್ಡ ಹರಿಯುತ್ತಿತ್ತು. ಅದರ ಮೇಲೆ ಕಬ್ಬಿಣದ ಎರಡು ತೊಲೆ ಇಟ್ಟು, ಮೇಲೆ ಫರಸಿ ಕಲ್ಲು ಹಾಸಿ ಸೇತುವೆ ಮಾಡಿಕೊಂಡಿದ್ದರು. ಮೊಣಕಾಲು ನೋವಿಗೆಂದು ನಾನು ಹಿಡಿಯುವ ಕೋಲಿನ ತುದಿಗೆ ಒಂದು ಕಬ್ಬಿಣದ ಬಳೆ ಇದೆ. ದಾಟುವಾಗ ಕೋಲು ಕಲ್ಲಿನ ಅಂಚಿನಿಂದ ಜಾರಿ ಕೆಳಗಿನ ತೊಲೆಗೆ ಬಡಿಯಿತು. ಠಣ್ ಎಂದಿತು. ಆ ಸದ್ದು ಸ್ವಲ್ಪ ಹೊತ್ತು ನಿಂತು, ನೀರಿನ ಮೇಲೆ ಹೋಗಿ, ನಿಧಾನಕ್ಕೆ ಆರಿತು...

ಬೀಗರು ಮುಂದೆ ಮುಂದೆ ಮಾತಾಡುತ್ತ ಹೊರಟೇ ಇದ್ದರು. ನಾನು ಮಾತ್ರ ಅಲ್ಲೇ ನಿಂತೆ. ಆ ಸದ್ದನ್ನು ನಾನು ಹಿಂದೆ ಒಂದೇ ಒಂದು ಸಲ ಕೇಳಿದ್ದೆ. ಕೇಳಿಯೂ ಕೇಳಿಲ್ಲ ಎಂದಿದ್ದೆ.

ಅದು ಈ ಕಡೆ ಕಾಲುವೆ ಕೆಲಸ ಜೋರಾಗಿದ್ದ ಕಾಲ. ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯಲ್ಲಿ ನನ್ನದೊಂದು ತಗಡಿನ ಶೆಡ್ಡು ಇತ್ತು. ಅದಕ್ಕೆ ಹತ್ತಿಕೊಂಡೇ ಮೆಕ್ಯಾನಿಕ್ ಉಸ್ತಾದರ ಶೆಡ್ಡು. ನನ್ನದು ಡೆಂಟಿಂಗ್, ಪೇಂಟಿಂಗ್, ಅವರದು ಉಳಿದದ್ದೆಲ್ಲ. ಕಾಲುವೆ ಕ್ಯಾಂಪಿನ ಜೀಪು, ಗುತ್ತಿಗೆದಾರರ ಟಿಪ್ಪರು, ಹೊಸ ನೀರು ಕಂಡ ರೈತರ ಟ್ರ್ಯಾಕ್ಟರು, ಯಾವುದು ಬಂದರೂ ಮೊದಲು ಅವರ ಮುಂದೆಯೇ ನಿಲ್ಲುತ್ತಿತ್ತು. ನೆರಳಿಗೆಂದು ನಾನು ಹಾಕಿಸಿದ ಬೆಂಚಿನ ಮೇಲೆ ಕುಳಿತು ಜನ ಅವರ ಸರದಿಗೆ ಕಾಯುತ್ತಿದ್ದರು. ನನ್ನ ಕೊಡದ ನೀರು ಕುಡಿದು, “ಉಸ್ತಾದ್ರು ಊಟಕ್ಕ ಹೋಗ್ಯಾರೇನ್ರಿ?” ಎಂದು ನನ್ನನ್ನೇ ಕೇಳುತ್ತಿದ್ದರು. ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು. ಮನೆಗೆ ಹೋದರೆ ಹೆಂಡತಿಯೂ ಅದೇ ರಾಗ. “ಪಕ್ಕದ ಉಸ್ತಾದ್ರನ್ನ ನೋಡ್ರಿ, ಎಂಥಾ ಸಮಾಧಾನ. ನೀವೂ ಅದೀರಿ.”

ಅವರ ಹೆಸರಿಗಿಂತ ದೊಡ್ಡದು ಅವರ ಕಿವಿ. ತುಕ್ಕು ಹಿಡಿದ ಗಾಡಿ ಯಾವುದೇ ಬರಲಿ, ಅವರು ಸ್ಕ್ರೂ ಡ್ರೈವರಿನಿಂದ ಚುಚ್ಚಿ ನೋಡುತ್ತಿರಲಿಲ್ಲ. ಚಪ್ಪಲಿ ಬಿಟ್ಟು, ಗೋಣಿಚೀಲ ಹಾಸಿ, ಗಾಡಿಯ ಕೆಳಗೆ ಮಲಗುತ್ತಿದ್ದರು. ನಟ್ಟು ಬಿಗಿಯುವ ಬೆರಳುದ್ದದ ಒಂದು ಹಳೆಯ ಪಾನಾದಿಂದ ಕಬ್ಬಿಣವನ್ನು ಗೇಣು ಗೇಣಿಗೆ ಬಡಿಯುತ್ತ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಜೀವ ಇದ್ದ ಕಡೆ ಸೀಮೆಸುಣ್ಣದ ಖಡುವಿನಿಂದ ಒಂದು ಗುಂಡು ಗುರುತು, ಸತ್ತ ಕಡೆ ಒಂದು ಅಡ್ಡಗೀಟು. “ತುಕ್ಕು ಮ್ಯಾಲಿಂದು ಸುಳ್ಳು ಹೇಳತೈತಿ. ಒಳಗಿನ ಕಬ್ಬಿಣ ಸುಳ್ಳು ಹೇಳಂಗಿಲ್ಲ” ಎನ್ನುತ್ತಿದ್ದರು. ಅವರು ಗುಂಡು ಹಾಕಿದ ಜಾಗ ಒಮ್ಮೆಯೂ ಮುರಿದದ್ದಿಲ್ಲ. ಅವರಿಲ್ಲದ ಹೊತ್ತಿನಲ್ಲಿ ನಾನೂ ಎಷ್ಟೋ ಸಲ ಬಡಿದು ನೋಡಿದ್ದೇನೆ. ನನಗೆ ಎಲ್ಲ ಕಡೆಯೂ ಒಂದೇ ಸದ್ದು. ಕಿವಿ ತೊಳೆದುಕೊಂಡು ಬಂದೂ ಬಡಿದಿದ್ದೇನೆ, ಈಗ ನೆನೆದರೆ ನಗು ಬರುತ್ತದೆ.

ಹೀಗಿರುವಾಗ ಒಂದು ದಿನ ಅಕ್ಕಾವ್ರು ಬಂದರು. ಸುರಪುರದ ಶಾಲೆಯಲ್ಲಿ ನನಗೆ ಅಕ್ಷರ ಕಲಿಸಿದವರು; ಆಗಷ್ಟೇ ನೌಕರಿ ಮುಗಿದಿತ್ತು. ನಾನು ಬ್ರಷ್ ಕೆಳಗಿಟ್ಟು ಎದ್ದು ನಿಂತೆ. ಅವರು ನನ್ನನ್ನು ನೋಡಿ ನಕ್ಕು, “ಆರಾಮ ಇದ್ದೀಯೇನಪಾ?” ಎಂದು ಕೇಳಿ, ನೆಟ್ಟಗೆ ಉಸ್ತಾದರ ಶೆಡ್ಡಿಗೆ ಹೋದರು. ಕಲಿಸಿದ ಅಕ್ಕಾವ್ರೂ ಅವರ ಪಾಲಾದರಲ್ಲ ಎಂದು ಮೈಯೆಲ್ಲ ಉರಿಯಿತು.

ಅವರ ಮಾತೆಲ್ಲ ನಡುವಿನ ತಗಡಿಗೆ ಕಿವಿಗೊಟ್ಟು ಕೇಳಿದೆ. ವಕೀಲರಾಗಿದ್ದ ಅಕ್ಕಾವ್ರ ತಂದೆಯ ಷೆವರ್ಲೆ ಕಾರು ಹುಣಸಗಿ ಕಡೆಯ ಹೊಲದ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಂತಿತ್ತು. ಒಣಭೂಮಿಯಾಗಿದ್ದಾಗ ಅದಕ್ಕೆ ಏನೂ ಆಗಿರಲಿಲ್ಲ. ಕಾಲುವೆ ಬಂತು, ಮೇಲಿನ ಹೊಲಗಳಿಗೆ ನೀರು ನಿಂತಿತು, ಎರೆಮಣ್ಣು ಬಸಿದು ಬಸಿದು ಕೊಟ್ಟಿಗೆಯ ನೆಲವೆಲ್ಲ ಜವಳಾಯಿತು. ಊರಿಗೆಲ್ಲ ಹಸಿರು ತಂದ ನೀರು ಆ ಕಾರನ್ನು ಕೆಳಗಿನಿಂದ ತಿಂದಿತ್ತು. “ಹುಡುಗ್ಯಾರನ್ನ ಯಾರೂ ಓದ್ಸದ ಕಾಲದಾಗ ನಮ್ಮಪ್ಪ ನನ್ನ ಅದರಾಗ ಕೂಡ್ಸಿ ಯಾದಗಿರಿ ಟೇಶನ್ನಿಗೆ ಕರ್ಕೊಂಡು ಹೋಗಿ ಓದಾಕ ಕಳ್ಸಿದ್ರು. ಇನ್ನೊಂದ್ಸಲ ಅದರಾಗ ಕುಂತು ಟೇಶನ್ ತನಕ ಹೋಗಬೇಕನಸ್ತದ. ಅದರಾಗ ಜೀವ ಅದನೋ ಇಲ್ಲೋ, ಅಷ್ಟು ನೋಡಿ ಹೇಳ್ರಿ. ಇಲ್ಲಂದ್ರ ಗುಜರಿಗೆ ಹಾಕ್ತೀನಿ” ಎಂದರು.

ಉಸ್ತಾದರು ಮರುದಿನವೇ ಹೋಗಿ ಬಂದರು. ಶುಕ್ರವಾರ ನಮಾಜು ಮುಗಿಸಿ ಟ್ರ್ಯಾಕ್ಟರ್ ಕಟ್ಟಿ ಎಳೆದು ತರುವುದೆಂದು ಮಾತಾಯಿತು. ಆಮೇಲೆ ಅಕ್ಕಾವ್ರು ನನ್ನ ಶೆಡ್ಡಿಗೆ ಬಂದರು. ಮೈ ತಗಡು ಉಳಿಯುತ್ತದೋ ಇಲ್ಲವೋ ನೀನೊಮ್ಮೆ ನೋಡಿ ಹೇಳು ಎಂದರು. ಬಸ್ಸಿನಲ್ಲಿ ಹೋಗುವಾಗ ಅವರೇ ಹೇಳಿದರು: “ಉಸ್ತಾದ್ರೇ ನಿನ್ನ ಹೆಸರು ಹೇಳಿದ್ರು. ತಗಡಿನ ಕೆಲಸದಾಗ ಅವನ ಕೈ ನನಗಿಂತ ಚಲೋ ಐತಿ ಅಂದ್ರು.” ಬೇರೆ ಯಾರಾದರೂ ಆಗಿದ್ದರೆ ಹಿಗ್ಗುತ್ತಿದ್ದರು. ನನಗೆ ತಿಂದು ಮಿಕ್ಕಿದ ರೊಟ್ಟಿಯನ್ನು ಕೈಗೆ ಹಾಕಿದಂತಾಯಿತು. ನನ್ನ ಅಕ್ಕಾವ್ರ ಮುಂದೆ ನಾನು ಒಳ್ಳೆಯವನಾಗಲಿಕ್ಕೂ ಉಸ್ತಾದರ ಚೀಟಿ ಬೇಕಾಯಿತೇ?

ಕಾರನ್ನು ನೋಡಿದರೆ ಯಾರಿಗಾದರೂ ಎದೆ ಒಡೆಯಬೇಕು. ಗಾಲಿಗಳು ಅರ್ಧಕ್ಕೆ ಹೂತಿದ್ದವು. ಬಾಗಿಲ ಕೆಳಗಿನ ತಗಡು ಹಪ್ಪಳವಾಗಿತ್ತು. ಹಿಂದಿನ ಸೀಟಿನಲ್ಲಿ ಇಲಿ ಗೂಡು. ಅಕ್ಕಾವ್ರು ಬದುವಿನ ಮೇಲೆ ಕೊಡೆ ಹಿಡಿದು ನಿಂತರು. ನಾನು ಕೆಳಗೆ ತೂರಿದೆ.

ಕೆಳಗೆ ಚಾಸಿಯ ಉದ್ದಕ್ಕೂ ಗುಂಡುಗಳಿದ್ದವು. ಒಂದೂ ಅಡ್ಡಗೀಟಿಲ್ಲ. ಮೇಲಿನ ತಗಡೆಲ್ಲ ಹೋಗಿದ್ದರೂ ಕಾರನ್ನು ಹೊತ್ತ ಬೆನ್ನೆಲುಬು ಮಾತ್ರ ಗಟ್ಟಿಯಾಗಿದೆ ಎಂದು ಉಸ್ತಾದರು ಬರೆದು ಹೋಗಿದ್ದರು. ಸುಳ್ಳಿರಬೇಕು ಎಂದುಕೊಂಡು ಸ್ಕ್ರೂ ಡ್ರೈವರಿನ ಹಿಡಿಕೆಯಿಂದ ಒಂದು ಗುಂಡಿನ ಮೇಲೆ ಬಡಿದೆ. ಠಣ್ ಎಂದಿತು. ಜೀವಮಾನದಲ್ಲಿ ಮೊದಲ ಸಲ ಕಬ್ಬಿಣದ ಮಾತು ನನಗೂ ಕೇಳಿಸಿತು... ಅಷ್ಟು ಸ್ಪಷ್ಟವಾಗಿ. ಸಂತೋಷ ಪಡಬೇಕಾದವನು ನಾನು. ಆದರೆ ಈ ಕಾರು ಎದ್ದು ನಿಂತರೆ ಶಹಾಪುರದಿಂದ ಯಾದಗಿರಿಯವರೆಗೆ ಜನ ಏನನ್ನುತ್ತಾರೆ ಎಂಬುದೂ ಅದೇ ಗಳಿಗೆಯಲ್ಲಿ ಕಿವಿಗೆ ಬಿತ್ತು. ಬಣ್ಣ ನನ್ನದು, ಹೆಸರು ಉಸ್ತಾದರದು.

ಜೇಬಿನಲ್ಲಿದ್ದ ಅರಿವೆಯನ್ನು ಜವಳು ನೀರಲ್ಲಿ ಅದ್ದಿ ಒಂದೊಂದೇ ಗುಂಡನ್ನು ಒರೆಸಿದೆ.

ಹೊರಗೆ ಬಂದು, ಅಕ್ಕಾವ್ರು ನೋಡುತ್ತಿರುವಾಗಲೇ ಕಾಲಿಡುವ ತಗಡಿಗೆ ಸ್ಕ್ರೂ ಡ್ರೈವರ್ ಹಾಕಿದೆ. ಹಿಡಿಕೆಯವರೆಗೆ ಹೋಯಿತು. ಕೆಂಪು ಪುಡಿ ಉದುರಿತು. ಆ ತಗಡು ಹೋಗಿದೆ ಎಂದು ಉಸ್ತಾದರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅಕ್ಕಾವ್ರಿಗೆ ಗೊತ್ತಿರಲಿಲ್ಲ.

“ಮುಗದೈತ್ರಿ ಅಕ್ಕಾವ್ರ. ಚಾಸಿನೂ ಹಿಂಗ ಆಗೈತಿ.”

“ಉಸ್ತಾದ್ರು ಗಟ್ಟಿ ಅದ ಅಂದ್ರಲ್ಲಪಾ?”

“ಅವರಿಗೆ ಕೆಲಸ ಬೇಕಲ್ರಿ” ಎಂದೆ.

ಅಕ್ಕಾವ್ರು ಕೊಡೆ ಮಡಚಿದರು. “ಅಂಥವ್ರು ಅಂತ ತಿಳದಿರಲಿಲ್ಲ ನಾ” ಎಂದರು. ಕಾರಿನ ಹತ್ತಿರ ಹೋಗಿ ಬಾಗಿಲ ಹಿಡಿಕೆಯನ್ನು ಸೆರಗಿನಿಂದ ಒರೆಸಿದರು. ಗುರುವಾರವೇ ಗುಜರಿಯವರನ್ನು ಕರೆಸಿದರು.

ಶುಕ್ರವಾರ ಟ್ರ್ಯಾಕ್ಟರ್ ತೆಗೆದುಕೊಂಡು ಹೋದ ಉಸ್ತಾದರು ಬರಿಗೈಯಲ್ಲಿ ತಿರುಗಿ ಬಂದರು. ಜಗಳಕ್ಕೆ ಬರುತ್ತಾರೆಂದು ನಾನು ಮಾತು ಜೋಡಿಸಿಕೊಂಡು ಕೂತಿದ್ದೆ. ಅವರು ನನ್ನ ಬೆಂಚಿನ ಮೇಲೆ ಕುಳಿತು ಮೆಲ್ಲಗೆ ಕೇಳಿದರು.

“ಚಾಸಿ ಬಡದು ನೋಡಿದ್ಯಾ?”

“ನೋಡಿದೆ.”

“ಏನಂತು?”

“ಏನೂ ಅನ್ನಲಿಲ್ರಿ. ಸತ್ತಿತ್ತು.”

ಅವರು ನನ್ನನ್ನು ಅನುಮಾನಿಸಲಿಲ್ಲ, ಅದೇ ಈಗಲೂ ಚುಚ್ಚುವುದು. ಎರಡೂ ಕಿವಿಗೆ ಬೆರಳು ಹಾಕಿ ಅಲುಗಾಡಿಸಿದರು. “ಹಂಗಾರ ನನ್ನ ಕಿವಿ ಹೋದ್ವು ನೋಡು. ನನಗ ಭಾಳ ಚಲೋ ಕೇಳಿತ್ತು...” ಎಂದರು.

ಅವತ್ತಿನಿಂದ ಅವರು ಬಡಿದದ್ದನ್ನು ತಾವೇ ನಂಬಲಿಲ್ಲ. ಗಾಡಿ ಕೆಳಗೆ ಮಲಗಿ, ಬಡಿದು, ಖಡು ಎತ್ತಿ, ಗೀಟು ಹಾಕದೆ ನನ್ನನ್ನು ಕೂಗುತ್ತಿದ್ದರು. “ಬಾರಪಾ, ನೀ ಒಂದಿಷ್ಟು ಕೇಳು.” ನಾನು ಹೋಗಿ, ಏನೂ ಕೇಳಿಸದಿದ್ದರೂ ತಲೆ ಅಲ್ಲಾಡಿಸಿ ಬಾಯಿಗೆ ಬಂದದ್ದನ್ನು ಹೇಳುತ್ತಿದ್ದೆ. ಅವರು ಅದರಂತೆ ಗುಂಡೋ ಗೀಟೋ ಹಾಕುತ್ತಿದ್ದರು. ಉಸ್ತಾದರೇ ಇವನನ್ನು ಕೇಳುತ್ತಾರಲ್ಲ ಎಂದುಕೊಂಡು ಜನ ನನ್ನ ಕಡೆ ತಿರುಗಿದರು. ಬೆಂಚಿನ ಮೇಲೆ ಕುಳಿತವರು ಈಗ ನನಗಾಗಿ ಕಾಯುತ್ತಿದ್ದರು. ಬೇಡಿದ್ದೆಲ್ಲ ಸಿಕ್ಕಿತು, ಆದರೆ ಹೊಟ್ಟೆಯ ಉರಿ ಆರಲಿಲ್ಲ. ಸೋತ ಮೇಲೂ ಅವರಿಗೆ ಅಷ್ಟು ಸಮಾಧಾನ ಎಲ್ಲಿಂದ ಬರುತ್ತಿತ್ತು ಎಂದು ಅದಕ್ಕೂ ಹೊಟ್ಟೆಕಿಚ್ಚು ಪಟ್ಟೆ.

ಕೆಲವು ವರ್ಷಕ್ಕೆ ಅವರು ಶೆಡ್ಡು ಮುಚ್ಚಿ ಗುರುಮಠಕಲ್ಲಿನ ಮಗಳ ಮನೆಗೆ ಹೋದರು. ಹೋಗುವ ದಿನ ಆ ಸಣ್ಣ ಪಾನಾವನ್ನು ನನ್ನ ಕೈಯಲ್ಲಿಟ್ಟರು. “ನಿನಗ ಕೇಳತೈತಿ, ನೀನ ಇಟ್ಕೋ.” ನಾನು ಅದನ್ನು ಜೇಬಿಗೆ ಹಾಕಿಕೊಂಡೆ. ಅವರು ತೀರಿಕೊಂಡ ಸುದ್ದಿ ತಡವಾಗಿ ಬಂತು, ಮಣ್ಣಿಗೂ ಹೋಗಲಾಗಲಿಲ್ಲ. ಅಕ್ಕಾವ್ರು ಅದಕ್ಕೂ ಮೊದಲೇ ತೀರಿಹೋಗಿದ್ದರು. ಬದುಕಿರುವ ತನಕ ಟೇಶನ್ನಿಗೆ ಬಸ್ಸಿನಲ್ಲೇ ಹೋದರು...

ಹೋದ ತಿಂಗಳು ಆ ಸೇತುವೆಯ ಮೇಲೆ ಇದೆಲ್ಲ ನೆನಪಾಗಿ, ಮೊಣಕಾಲು ನೋವನ್ನೂ ಮರೆತು ಕಾಲುವೆಗೆ ಇಳಿದೆ. ನೀರು ಮೊಣಕಾಲಿನವರೆಗಿತ್ತು. ಬಗ್ಗಿ ನೋಡಿದೆ. ಕಾರಿನ ಚಾಸಿಯೇ, ರಿವಿಟ್ಟುಗಳು, ಸ್ಪ್ರಿಂಗ್ ಪಟ್ಟಿ ಕೂಡಿಸುವ ತೂತುಗಳು, ಎಲ್ಲ ಹಾಗೇ ಇದ್ದವು.

ಬೀಗರು ಓಡಿ ಬಂದರು. “ಇದನ್ನ ಎಲ್ಲಿಂದ ತಂದ್ರಿ?” ಎಂದು ಕೇಳಿದೆ.

“ನಮ್ಮಪ್ಪ ಗುಜರಿಯವನ ಕಡಿಂದ ತಂದು ಹಾಕ್ಸಿದ್ದು. ಇಲ್ಲೇ ಬಾಜೂ ಹೊಲದಾಗ ವಕೀಲರ ಕಾರ್ ಕಡಿಯಾಕತ್ತಿದ್ರಂತ. ಅವಾಗಿಂದ ಭತ್ತದ ಚೀಲ ತುಂಬಿದ ಟ್ರ್ಯಾಕ್ಟರ್ ಇದರ ಮ್ಯಾಲೇ ಹೊಂಟಾವ. ಇವತ್ತಿಗೂ ಬಗ್ಗಿಲ್ರಿ.”

ಕೋಲು ತಿರುವಿ ಹಿಡಿದು ಈ ಬದಿ, ಆ ಬದಿ, ಗೇಣು ಗೇಣಿಗೆ ಬಡಿದೆ. ಎಲ್ಲ ಕಡೆಯೂ ಠಣ್. ನಾಚಿಕೆಗಿಂತ ಮೊದಲು, ನಿಜ ಹೇಳಬೇಕೆಂದರೆ, ಅದೇ ಹಳೆಯ ಉರಿ ಎದ್ದಿತು. ಈ ಕಬ್ಬಿಣ ಇಷ್ಟು ವರ್ಷ ಭಾರ ಹೊತ್ತು ತೋರಿಸಿದ್ದನ್ನು ಆ ಮನುಷ್ಯ ಒಂದು ಮಧ್ಯಾಹ್ನ ಗೋಣಿಚೀಲದ ಮೇಲೆ ಮಲಗಿ ತಿಳಿದಿದ್ದರು. ಆಮೇಲೆ ಕಣ್ಣು ಮಂಜಾದವು.

“ನೀರಾಗ ನಿಂತು ಏನ್ ಮಾಡಾಕತ್ತೀರಿ ಬೀಗರ?” ಎಂದು ಅವರು ಕೈ ಚಾಚಿದರು.

“ಚಾಸಿ ಗಟ್ಟಿ ಐತ್ರಿ” ಎಂದೆ.

“ಅದು ನಮಗ ಗೊತ್ತೇ ಐತಲ್ರಿ, ಬರ್ರಿ ಮ್ಯಾಲ” ಎಂದು ನಕ್ಕು ನನ್ನನ್ನು ದಂಡೆಗೆ ಎಳೆದುಕೊಂಡರು.