ಒಳಗಿನ ಕೋಣೆಯ ಡೆಸ್ಕ್‌ಟಾಪ್

ಸುಜಯ ನಾಯಕ ಸದಾಶಿವಗಡದ ರಾಜೀವ ಮಾಸ್ತರರ ಮನೆಯ ಮೆಟ್ಟಿಲ ಮೇಲೆ ಮೊದಲ ಸಲ ಕಾಣಿಸಿಕೊಂಡದ್ದು 2006ರ ಮಳೆಗಾಲದ ಆರಂಭದಲ್ಲಿ. ಕಂಕುಳಲ್ಲಿ ಸುತ್ತಿದ ಚಾಪೆ, ಒಂದು ಕೈಯಲ್ಲಿ ಟ್ರಂಕು, ಇನ್ನೊಂದರಲ್ಲಿ ಕೊಡೆ. ಕೊಡೆಯನ್ನು ತನ್ನ ತಲೆಗೆ ಹಿಡಿಯುವ ಬದಲು ಟ್ರಂಕಿನ ಮೇಲೆ ಹಿಡಿದು, ತಾನು ಪೂರ್ತಿ ತೊಯ್ದು ನಿಂತಿದ್ದ. ಕಾರವಾರದ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಸಿಕ್ಕಿದೆ, ಮಾಳಿಗೆಯ ಕೋಣೆ ಬಾಡಿಗೆಗೆ ಬೇಕು ಎಂದ. ಊರು ಅಂಕೋಲೆಯ ಹತ್ತಿರ ಬಾಳೆಗುಳಿ.

"ಟ್ರಂಕಿನಲ್ಲಿ ಅಂಥಾದ್ದು ಎಂತ ಇದೆಯೋ?" ಎಂದು ಮಾಸ್ತರರು ಕೇಳಿದರು.

"ಎರಡು ಅಂಗಿ, ಮತ್ತೆ ಟೀವಿಗೆ ಹಾಕಿ ಆಡೂ ಗೇಮು, ಮಾಸ್ತರ್ರೇ. ನಿಮ್ಮಲ್ಲಿ ಟೀವಿ ಇದ್ಯಲ್ಲಾ?"

ಮಾಸ್ತರರ ಹೆಂಡತಿ ಕಲಾವತಿ ಬಾಗಿಲ ಮರೆಯಲ್ಲಿ ನಕ್ಕುಬಿಟ್ಟರು. "ಸರಕಾರಿ ನೌಕರಿಯವ ಅಂದ್ರಲ್ಲ ಇಂವ! ಆಟದ ಸಾಮಾನು ಹೊತ್ಕೊಂಡು ಬಂದಿದ್ದಾನೆ."

ಹಾಗೆ ಬಂದವನು ಆ ಮನೆಯ ಹುಡುಗನೇ ಆಗಿಬಿಟ್ಟ. ಸಂಜೆ ಕಚೇರಿ ಬಿಟ್ಟು ಕಾಳಿ ಸೇತುವೆ ದಾಟಿ ಬಂದನೆಂದರೆ ಮಾತು, ಸಿಳ್ಳು, ನಗು. ಮಾಸ್ತರರ ಹಳೆಯ ಟೀವಿಯಲ್ಲಿ ಸಣ್ಣ ಗೊಂಬೆಗಳನ್ನು ಓಡಿಸುತ್ತ, ಅವು ಬಿದ್ದರೆ "ಅಯ್ಯೋ ಸತ್ತೆ" ಎಂದು ಕೂಗುತ್ತಿದ್ದ. ಶನಿವಾರ ಬಂತೆಂದರೆ ಮಾತ್ರ ಅವನನ್ನು ಹಿಡಿಯುವಂತಿರಲಿಲ್ಲ. ಸಿಕ್ಕಿದ ಬಸ್ಸು ಹತ್ತಿ ಊರಿಗೆ. ಮರುವರ್ಷ ನಾಗಶ್ರೀಯೊಡನೆ ಮದುವೆಯಾದ ಮೇಲಂತೂ ಶುಕ್ರವಾರವೇ ಚೀಲ ತುಂಬಿ ಇಡುತ್ತಿದ್ದ.

ನಾಗಶ್ರೀ ಬಸುರಿಯಾದಾಗ ಊರಿನ ಮನೆಗೆ ತೊಟ್ಟಿಲು ಬಂತು. ಅವರ ಕುಟುಂಬದಲ್ಲಿ ಇರುವುದು ಒಂದೇ ತೊಟ್ಟಿಲು. ಹಲಸಿನ ಮರದ್ದು, ನಾಲ್ಕು ಮೂಲೆಗೆ ಗಿಳಿಗಳು. ಅದು ಹಿರಿಯರ ಮನೆಯಲ್ಲಿ, ಎಂದರೆ ಸುಜಯನ ದೊಡ್ಡಪ್ಪನ ಹೆಂಡತಿ ಗಂಗೂ ಅವರ ಓಣಿಯಾಚೆಯ ಮನೆಯಲ್ಲಿ ಇರುತ್ತದೆ. ಯಾರ ಮನೆಯಲ್ಲಿ ಬಾಣಂತನವೋ ಅಲ್ಲಿಗೆ ಹೋಗುತ್ತದೆ. ಮಗು ನಡೆಯಲು ಕಲಿತ ಮೇಲೆ, ಅಕ್ಕಿ, ತೆಂಗಿನಕಾಯಿ, ಬೆಲ್ಲ ಮತ್ತು ಮಗುವಿನ ಒಂದು ಹಳೆಯ ಅಂಗಿಯನ್ನು ಅದರೊಳಗಿಟ್ಟು ತಿರುಗಿ ಕೊಡಬೇಕು. ಖಾಲಿ ಕೊಡುವಂತಿಲ್ಲ. ಕೊಟ್ಟವರು "ತಿರುಗಿ ಕೊಡಿ" ಎಂದು ಕೇಳುವಂತೆಯೂ ಇಲ್ಲ. ಕೇಳಿದರೆ ಮಲಗಿದ ಮಗುವನ್ನು ಎಬ್ಬಿಸಿದಂತೆ ಎಂದು ಹೆಂಗಸರ ಲೆಕ್ಕ.

2008ರ ಆರಂಭದಲ್ಲಿ ಆಸ್ಪತ್ರೆಯಿಂದ ಸುಜಯ ಮನೆಗೆ ಫೋನು ಮಾಡಿದ, ಹೆಣ್ಣು ಮಗು ಎಂದು. ಅವನ ತಾಯಿ ಗಾಯತ್ರಿ ಅಂದೇ ಮಧ್ಯಾಹ್ನ ಒಳಗಿನ ಕೋಣೆಯನ್ನು ಸಾರಿಸಿ, ಜಂತಿಗೆ ಹಗ್ಗ ಹಾಕಿ ತೊಟ್ಟಿಲು ಕಟ್ಟಿಸಿದರು. ಮಗು ಮನೆಗೆ ಬರಲಿಲ್ಲ. ಉಸಿರಾಟದ ತೊಂದರೆ ಎಂದು ವೈದ್ಯರು ಹೇಳಿದರು. ಮರುದಿನ ಎಲ್ಲ ಮುಗಿಯಿತು. ನಾಗಶ್ರೀ ಬರಿಗೈಯಲ್ಲಿ ಮನೆಗೆ ಬಂದಳು. ಯಾರೋ ಒಳಗಿನ ಕೋಣೆಯ ಬಾಗಿಲು ಎಳೆದು ಮುಚ್ಚಿದ್ದರು. ಆಮೇಲೆ ಅದನ್ನು ಯಾರೂ ತೆರೆಯಲಿಲ್ಲ.

ಸುಜಯ ಅಳಲಿಲ್ಲ. ರಜೆ ಮುಗಿಸಿ ಬಂದವನು ಮಾಸ್ತರರಿಗೆ ಸುದ್ದಿಯನ್ನು ಕಚೇರಿಯ ಟಪಾಲು ಓದಿದ ಹಾಗೆ ಹೇಳಿ, "ನೀರು ಬಂದಿದ್ಯಾ ಮೇಲೆ?" ಎಂದು ಕೇಳಿ ಮಾಳಿಗೆ ಹತ್ತಿದ. ತನಗೆ ಏನೂ ಆಗುತ್ತಿಲ್ಲವಲ್ಲ ಎಂಬುದೊಂದೇ ಅವನಿಗೆ ವಿಚಿತ್ರವೆನಿಸುತ್ತಿತ್ತು. ಬಹಳ ಹೊತ್ತು ಕಾಲು ಮಡಚಿ ಕೂತರೆ ಪಾದ ಜೋಮು ಹಿಡಿದು, ಅದು ತನ್ನದೇ ಅಲ್ಲವೆನ್ನುವ ಹಾಗೆ ಆಗುತ್ತದಲ್ಲ, ಹಾಗಿತ್ತು ಅವನಿಗೆ ಊಟ, ಕೆಲಸ, ನಿದ್ದೆ ಎಲ್ಲ. ಶನಿವಾರ ಬಂದರೆ ಕಚೇರಿಯಲ್ಲಿ ಏನೋ ಕೆಲಸ ಉಳಿಯುತ್ತಿತ್ತು. ಒಂದು ವಾರ ತಪ್ಪಿತು, ಆಮೇಲೆ ತಪ್ಪದ ವಾರಗಳೇ ಕಡಮೆಯಾದವು.

ಕಾರವಾರದ ಪೇಟೆಯಲ್ಲಿ ಒಂದು ಸೈಬರ್ ಕೆಫೆ ಇತ್ತು. ಸಂಜೆ ಅಲ್ಲಿ ಕೂತು ಕಾರು ಓಡಿಸುವ ಆಟ ಆಡತೊಡಗಿದ. ಪರದೆಯ ಆ ರಸ್ತೆಗಳಲ್ಲಿ ಪರಿಚಯದವರು ಯಾರೂ ಎದುರಾಗುತ್ತಿರಲಿಲ್ಲ, ಯಾರೂ "ಹೇಗಿದ್ದಾಳೆ ಹೆಂಡತಿ?" ಎಂದು ಕೇಳುತ್ತಿರಲಿಲ್ಲ. ಕಾರು ಗೋಡೆಗೆ ಅಪ್ಪಳಿಸಿದರೆ ಒಂದು ಚಣದಲ್ಲಿ ಹೊಸದಾಗಿ ಮತ್ತೆ ರಸ್ತೆಯ ಮೇಲೆ ನಿಲ್ಲುತ್ತಿತ್ತು. ಕೆಫೆ ಮುಚ್ಚುವ ಹೊತ್ತಿಗೆ ಏಳಲೇಬೇಕಲ್ಲ ಎಂಬುದೊಂದೇ ಅವನ ಬೇಸರ. ತನ್ನದೇ ಒಂದು ಕಂಪ್ಯೂಟರು ಇದ್ದರೆ ಏಳಬೇಕಾಗಿಲ್ಲ ಎಂದು ಹೊಳೆದದ್ದು ಹಾಗೆ.

ಕಂಪ್ಯೂಟರು ಜೋಡಿಸಿ ಕೊಡುವ ಅಶೋಕನ ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದೆ. ಅಶೋಕ ಮಾತಿನ ಮನುಷ್ಯ.

"ಗೇಮಿಗಾ? ಹಾಗಾದ್ರೆ ಲ್ಯಾಪ್‌ಟಾಪಿನ ಹೆಸ್ರೇ ಎತ್ಬೇಡಿ ಮಾರಾಯ್ರೆ. ಅದು ಲೆಟ್ರು ಬರಿಯೂಕೆ, ಫೋಟೋ ನೋಡೂಕೆ. ನಿಮ್ಮ ಕಾರಿನ ಆಟ ಹಾಕಿದ್ರೆ ಅರ್ಧ ತಾಸಿಗೆ ಕಾವಲಿ ಕಾದ ಹಾಗೆ ಕಾಯ್ತದೆ. ಮೇಲೆ ದೋಸೆ ಹೊಯ್ಬಹುದು."

"ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇದ್ದದ್ದು ಬರ್ತದಂತಲ್ಲ?"

"ಬರ್ತದೆ. ಅದ್ರ ಬೆಲೆಯಲ್ಲಿ ಎರಡು ಡೆಸ್ಕ್‌ಟಾಪ್ ಬರ್ತದೆ. ಹಾಳಾದ್ರೆ ಹುಬ್ಬಳ್ಳಿಗೆ ಕಳಿಸ್ಬೇಕು, ಅಲ್ಲಿಂದ ಅದು ಯಾವಾಗ ಬರೂದು, ದೇವ್ರಿಗೇ ಗೊತ್ತು. ಇಲ್ಲಿಯ ಉಪ್ಪುಗಾಳಿ ಬೇರೆ. ಡೆಸ್ಕ್‌ಟಾಪಾದ್ರೆ ನಾನೇ ಪೆಟ್ಟಿಗೆ ಬಿಚ್ತೆ, ಹಾಳಾದ ಒಂದು ಸಾಮಾನು ಮಾತ್ರ ತೆಗ್ದು ಹೊಸತು ಹಾಕ್ತೆ. ನಾಳೆ ಹೊಸ ಗೇಮು ಬಂತು, ಕಾರ್ಡ್ ಮಾತ್ರ ಬದ್ಲು. ಆದ್ರೆ ಒಂದು ಮಾತು, ಅದು ಬೀಸೂ ಕಲ್ಲು ಇದ್ದ ಹಾಗೆ. ಒಂದ್ಸಲ ಇಟ್ರೆ ಇಟ್ಟಲ್ಲೇ. ಎಲ್ಲಿಡ್ತ್ರಿ?"

ಸುಜಯ ಮೇಜಿನ ಮೇಲಿದ್ದ ಮೌಸನ್ನು ಎತ್ತಿ ತಿರುಗಿಸಿ ನೋಡತೊಡಗಿದ.

"ರೂಮಲ್ಲೋ, ಊರಲ್ಲೋ? ಅದ್ಕೆ ತಕ್ಕ ಯುಪಿಎಸ್ ಹೇಳ್ಬೇಕು ನಾನು."

"ವಿಚಾರ ಮಾಡಿ ಹೇಳ್ತೆ," ಎಂದು ಹೊರಬಿದ್ದ.

ಸಂಜೆ ಮಾಸ್ತರರ ಜಗಲಿಯಲ್ಲಿ ಅದೇ ವಿಚಾರ ಬಂತು. ಮಾಸ್ತರರಿಗೆ ಕಂಪ್ಯೂಟರಿನ ಗಂಧಗಾಳಿಯೂ ಇಲ್ಲ. ಅವರು ಒಳ್ಳೆಯ ಮನಸ್ಸಿನಿಂದಲೇ, "ಮೇಲೆ ನನ್ನ ಹಳೆಯ ಮೇಜು ಇದೆಯಲ್ಲ, ಅದರ ಮೇಲೆ ದೊಡ್ಡದನ್ನೇ ಇಟ್ಟುಕೊ," ಎಂದರು.

ಕಲಾವತಿ ಕೈಯಲ್ಲಿದ್ದ ಮೀನಿನ ಪಾತ್ರೆಯನ್ನು ಕೆಳಗಿಟ್ಟರು. "ನಿಮಗೆ ಬುದ್ಧಿ ಇದೆಯೋ ಇಲ್ಲವೋ? ಇಲ್ಲಿ ಇಟ್ಟ ಅಂದ್ರೆ ಅಂವ ಊರಿಗೆ ಹೋಗೂದನ್ನೇ ಬಿಡ್ತಾನೆ. ಈಗ್ಲೇ ತಿಂಗಳಿಗೊಂದ್ಸಲ. ಅಲ್ಲಿ ಆ ಹುಡುಗಿ ಒಬ್ಬಳೇ ಗೋಡೆ ನೋಡ್ತಾ ಕೂತಿದ್ದಾಳೆ." ಸುಜಯನ ಕಡೆ ತಿರುಗಿ, "ಸಣ್ಣದು ತಗೋ ಬಾಬಾ. ಹೊತ್ಕೊಂಡು ಮನೆಗೆ ಹೋಗು," ಎಂದರು.

ಅವರು ಹೇಳಿದ್ದು ಸುಳ್ಳಲ್ಲವೆಂದು ಸುಜಯನಿಗೆ ಗೊತ್ತಿತ್ತು. ಮಾಳಿಗೆಯ ಮೇಜಿನ ಮೇಲೆ ಅದು ಬಂದು ಕೂತರೆ ತಾನು ಬಾಳೆಗುಳಿಗೆ ಹೋಗುವುದು ನಿಂತಂತೆಯೇ. ಹಾಗೆಂದು ಯಾರ ಮೇಲೂ ಸಿಟ್ಟಿರಲಿಲ್ಲ ಅವನಿಗೆ. ಹೋಗಬೇಕು ಅನ್ನಿಸುತ್ತಿರಲಿಲ್ಲ, ಹೋಗಬಾರದು ಎಂದೂ ಅನ್ನಿಸುತ್ತಿರಲಿಲ್ಲ.

ಆ ಶನಿವಾರ ಮಾತ್ರ ಬಸ್ಸು ಹತ್ತಿದ. ಅವರ್ಸಾ ದಾಟುವ ತನಕ ನಿಂತೇ ಬಂದ. ಆಮೇಲೆ ಸೀಟು ಖಾಲಿಯಾದರೂ ಕೂರಲು ನೆನಪಾಗಲಿಲ್ಲ.

ನಾಗಶ್ರೀ ಜಗಲಿಯ ಮೇಲೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವನು ಕಂಬಕ್ಕೆ ಒರಗಿ ಕೂತ.

"ಕಂಪ್ಯೂಟರ್ ತಗೊಳ್ಳೂದು ಅಂತ ಮಾಡಿದ್ದೆ."

"ಎಂತಕ್ಕೆ?"

"ಆಟ ಆಡೂಕೆ."

ಅವಳು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು. "ಎಂಥದ್ದು?"

"ಲ್ಯಾಪ್‌ಟಾಪ್ ಅಂದ್ರೆ ಮಡಚೂದು. ಎಲ್ಲಿಗೆ ಬೇಕಾದ್ರೂ ಒಯ್ಬಹುದು, ಜಗಲಿ ಮೇಲೆ ಕೂತೂ ಆಡ್ಬಹುದು. ಆದ್ರೆ ನಮ್ಮ ಕೈಗೆ ಎಟಕೂ ಲ್ಯಾಪ್‌ಟಾಪಲ್ಲಿ ಈ ಆಟ ಸರಿ ಓಡೂದಿಲ್ಲ. ಡೆಸ್ಕ್‌ಟಾಪಲ್ಲಿ ಓಡ್ತದೆ. ಅದಕ್ಕೆ ಮೇಜು ಬೇಕು, ಒಂದೇ ಕಡೆ ಇಡ್ಬೇಕು."

"ಯಾವ ಕಡೆ?"

ಅಶೋಕ ಕೇಳಿದ್ದೂ ಅದನ್ನೇ. ಇವಳು ಕೇಳಿದಾಗ ಅವನು ಅಂಗಳದ ಕಡೆ ನೋಡಿದ.

"ನೀವು ಬರೂದಿಲ್ಲ ಅಂದ್ರೆ ಬರೂದಿಲ್ಲ ಅನ್ನಿ," ಎಂದಳು ನಾಗಶ್ರೀ, ಅಕ್ಕಿಯಿಂದ ತಲೆಯೆತ್ತದೆ. "ಬರೂದಾದ್ರೆ ದೊಡ್ಡದೇ ತನ್ನಿ. ಇಲ್ಲಿ ಇಡಿ."

"ಇಲ್ಲಿ ಜಾಗ ಎಲ್ಲಿದೆ? ಜಗಲಿಗೆ ಮಳೆಯ ಇರಚಲು ಹೊಡೀತದೆ. ನಡುಮನೇಲಿ ಆಯಿ ಮಲಗ್ತಾಳೆ."

"ಒಳಗಿನ ಕೋಣೇಲಿ ಇದೆ."

ಒಳಗೆ ಪಾತ್ರೆ ತೊಳೆಯುತ್ತಿದ್ದ ಗಾಯತ್ರಿ ನೀರು ಹೊಯ್ಯುವುದನ್ನು ನಿಲ್ಲಿಸಿ ಹೊರಗೆ ಬಂದರು. "ಆ ಕೋಣೆ ಬೇಡ. ಅಲ್ಲಿ ಅದು ಕಟ್ಟಿದ್ದದೆ."

"ಅದನ್ನು ಇಳಿಸ್ಬೇಕು ಅತ್ತೆ. ಗಂಗತ್ತೆ ಮನೇಲಿ ಸೊಸೆ ಬಾಣಂತಿ. ಮಗೂನ ಸೀರೆ ಜೋಳಿಗೆಯಲ್ಲಿ ತೂಗ್ತಿದ್ದಾರೆ."

"ಯಾರು ಹೇಳಿದ್ರು ನಿಂಗೆ?"

"ಯಾರೂ ಹೇಳ್ಲಿಲ್ಲ. ಮಗು ಅಳೂದು ಇಲ್ಲಿಗೇ ಕೇಳ್ತದಲ್ಲ. ನೀವೂ ಕೇಳ್ತಾ ಇದ್ದೀರಿ."

ಗಾಯತ್ರಿ ಸೆರಗಿನಿಂದ ಕೈ ಒರೆಸಿಕೊಂಡರು. "ಗಂಗಕ್ಕ ಕೇಳೂ ಹಾಗಿಲ್ಲ. ನಾನು ಖಾಲಿ ಕಳಿಸೂ ಹಾಗಿಲ್ಲ. ಮಗು ತೊಟ್ಟ ಅಂಗಿ ಬೇಕಲ್ಲೇ ಅದ್ಕೆ. ಎಲ್ಲಿಂದ ತರ್ಲಿ?"

ಸುಜಯನಿಗೆ ಆಗ ತಿಳಿಯಿತು. ಇಷ್ಟು ತಿಂಗಳು ಎರಡು ಮನೆಯವರೂ ಒಬ್ಬರಿಗೊಬ್ಬರು ನೋವಾಗಬಾರದೆಂದು ಒಂದು ತೊಟ್ಟಿಲನ್ನು ಕತ್ತಲೆಯಲ್ಲಿ ನೇತಾಡಲು ಬಿಟ್ಟಿದ್ದರು. ಅತ್ತ ಒಂದು ಎಳೆಮಗು ಹಳೆಯ ಸೀರೆಯಲ್ಲಿ ಮಲಗಿತ್ತು.

ನಾಗಶ್ರೀ ಎದ್ದು ಒಳಗೆ ಹೋಗಿ ಕೋಣೆಯ ಬಾಗಿಲು ತಳ್ಳಿದಳು. ಮಳೆಗಾಲ ಕಳೆದ ಕೋಣೆ, ಬೂಸಲು ವಾಸನೆ. ಸುಜಯ ಕುರ್ಚಿ ಹತ್ತಿ ಹಗ್ಗ ಬಿಚ್ಚಿದ. ಗಂಟು ಬಿಗಿದಿತ್ತು, ಉಗುರು ಮುರಿಯಿತು, ಅದೂ ನೋಯಲಿಲ್ಲ. ತೊಟ್ಟಿಲಿನ ಭಾರ ಒಮ್ಮೆಲೇ ತೋಳಿಗೆ ಬಂದಾಗ ಮಾತ್ರ, ಇಷ್ಟೊಂದು ಭಾರವೇ ಇದು, ಎಂದುಕೊಂಡ. ನಾಗಶ್ರೀ ಅದನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಅಕ್ಕಿ ಹಾಕಿದಳು, ಕಾಯಿ, ಬೆಲ್ಲ ಇಟ್ಟಳು. ಆಮೇಲೆ ಟ್ರಂಕಿನ ತಳದಿಂದ ತಾನೇ ಹೊಲಿದಿದ್ದ ಸಣ್ಣ ಅಂಗಿಯೊಂದನ್ನು ತೆಗೆದು ಅಕ್ಕಿಯ ಮೇಲಿಟ್ಟಳು. ಯಾರೂ ತೊಡದ ಅಂಗಿ. ಗಾಯತ್ರಿ ಬಗ್ಗಿ ಅದರ ಮಡಿಕೆ ಸರಿಪಡಿಸಿದರು.

ಗಂಡ ಹೆಂಡತಿ ಒಂದೊಂದು ತುದಿ ಹಿಡಿದು ಓಣಿಯಲ್ಲಿ ಹೊತ್ತುಕೊಂಡು ಹೋದರು. ಗಂಗೂ ದೂರದಿಂದಲೇ ನೋಡಿ ಓಡಿಬಂದರು.

"ಎಂತಕ್ಕೆ ತಂದ್ಯೇ ಮಗಾ? ಇರ್ಲಿ ಬಿಡು ಅಂದಿದ್ನಲ್ಲೇ ನಾನು!"

"ನೀವು ಎಂತದೂ ಅಂದಿಲ್ಲ ಗಂಗತ್ತೆ," ಎಂದಳು ನಾಗಶ್ರೀ. "ಯಾರೂ ಎಂತದೂ ಅಂದಿಲ್ಲ."

ಗಂಗೂ ತೊಟ್ಟಿಲೊಳಗೆ ನೋಡಿದರು. ಅಂಗಿಯನ್ನು ಎತ್ತಿಕೊಂಡು, ಅದರ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದರು. ಅದು ಹೊಸದೆಂದು ಅವರಿಗೆ ಗೊತ್ತಾಗದೆ ಇರಲಿಲ್ಲ. "ಬನ್ನಿ, ಚಾ ಕುಡ್ದೇ ಹೋಗ್ಬೇಕು," ಎಂದಷ್ಟೇ ಹೇಳಿ, "ಏ ಸುಜಯಾ, ಬಾಗಿಲಲ್ಲಿ ಕಂಬದ ಹಾಗೆ ನಿಲ್ಬೇಡ, ಸರಿ ಆಚೆ, ತೊಟ್ಟಿಲು ಒಳಗೆ ಹೋಗ್ಬೇಕು," ಎಂದು ಗದರಿದರು. ಬಹಳ ದಿನಗಳ ಮೇಲೆ ಅವನನ್ನು ಒಬ್ಬರು ಹಾಗೆ ಗದರಿದ್ದು.

ಸೋಮವಾರ ಸುಜಯ ಅಶೋಕನ ಅಂಗಡಿಗೆ ಹೋಗಿ, "ಡೆಸ್ಕ್‌ಟಾಪೇ ಮಾಡಿ. ಊರಲ್ಲಿ ಇಡೂದು," ಎಂದ.

"ಬಾಳೆಗುಳೀಲಾ? ಹಾಗಾದ್ರೆ ದೊಡ್ಡ ಯುಪಿಎಸ್ಸೇ ಬೇಕು. ನಿಮ್ಮ ಊರಲ್ಲಿ ಗುಡುಗು ಬರೂಕಿಂತ ಮೊದ್ಲು ಕರೆಂಟು ಹೋಗ್ತದೆ."

ಒಂದು ಭಾನುವಾರ ಇಬ್ಬರೂ ಸಾಮಾನು ಹೊತ್ತು ಬಸ್ಸು ಹತ್ತಿದರು. ಮಾನಿಟರು ಸುಜಯನ ತೊಡೆಯ ಮೇಲೆ, ಪೆಟ್ಟಿಗೆ ಅಶೋಕನ ತೊಡೆಯ ಮೇಲೆ. ಕಂಡಕ್ಟರು ಬಂದು, "ಇದಕ್ಕೂ ಟಿಕೆಟ್ ಆಗ್ತದೆ," ಎಂದಾಗ ಅಶೋಕ, "ಅರ್ಧ ಟಿಕೆಟ್ ಕೊಡಿ, ಇನ್ನೂ ಹಲ್ಲು ಬಂದಿಲ್ಲ ಇದಕ್ಕೆ," ಎಂದುಬಿಟ್ಟ. ಅಶೋಕನಿಗೆ ಏನೂ ಗೊತ್ತಿರಲಿಲ್ಲ. ಸುಜಯ ಮಾನಿಟರಿನ ರಟ್ಟಿನ ಮೇಲೆ ಗದ್ದ ಊರಿ, ಅಂಕೋಲೆ ಬರುವ ತನಕ ಕಿಟಕಿಯ ಹೊರಗೆ ನೋಡುತ್ತಿದ್ದ. ಅವನ ಕಣ್ಣು ಒದ್ದೆಯಾಗಿದ್ದು ಅಂದೇ ಮೊದಲು. ಗಾಳಿಗೆ ಎಂದುಕೊಂಡ.

ಮಾಳಿಗೆಯ ಕೋಣೆಯನ್ನು ಅವನು ಆ ತಿಂಗಳ ಕೊನೆಗೆ ಬಿಟ್ಟ. ಕಲಾವತಿ ಒಣಮೀನು ಕಟ್ಟಿಕೊಟ್ಟರು. ಮಾಸ್ತರರು ಸೇತುವೆಯ ತನಕ ಜೊತೆಗೆ ಬಂದರು.

ಎಲ್ಲವೂ ಮೊದಲಿನ ಹಾಗಾಯಿತು ಎಂದು ಹೇಳುವಂತಿಲ್ಲ. ಸುಜಯ ಈಗಲೂ ಸಿಳ್ಳು ಹಾಕುವುದಿಲ್ಲ. ದಿನಾ ಬೆಳಗ್ಗೆ ಬಸ್ಸಿನಲ್ಲಿ ಕಾರವಾರಕ್ಕೆ ಹೋಗುತ್ತಾನೆ, ಸಂಜೆ ಬಸ್ಸಿನಲ್ಲಿ ಮನೆಗೆ ಬರುತ್ತಾನೆ. ಒಳಗಿನ ಕೋಣೆಯ ಕಿಟಕಿ ತೆರೆದಿರುತ್ತದೆ. ಕೈಕಾಲು ತೊಳೆದು ಸ್ವಲ್ಪ ಹೊತ್ತು ಕಾರು ಓಡಿಸುತ್ತಾನೆ. ಕೆಲವು ದಿನ ನಾಗಶ್ರೀ ಪಕ್ಕದ ಮಣೆಯ ಮೇಲೆ ಕೂತು ಕೀಬೋರ್ಡು ಇಸಿದುಕೊಳ್ಳುತ್ತಾಳೆ. ಪಂದ್ಯದಲ್ಲಿ ಅವಳು ಕಾರನ್ನು ಬಹಳ ನಿಧಾನ ಓಡಿಸುತ್ತಾಳೆ. "ಎಲ್ಲರೂ ಮುಂದೆ ಹೋದ್ರಲ್ಲೇ," ಎಂದರೆ, "ಹೋಗ್ಲಿ, ನಂಗೆಂತ ಅವಸರ? ದಾರಿ ಚಂದ ಇದೆ," ಎನ್ನುತ್ತಾಳೆ.

ಈ ಭಾನುವಾರ ಮಾಸ್ತರರು ಫೋನು ಮಾಡಿ ಊಟಕ್ಕೆ ಕರೆದರು. "ಇವತ್ತು ಆಗೂದಿಲ್ಲ ಮಾಸ್ತರ್ರೇ," ಎಂದ ಸುಜಯ. ಗ್ರಾಫಿಕ್ಸ್ ಕಾರ್ಡಿನ ಫ್ಯಾನು ಕರಕರ ಎನ್ನುತ್ತಿದೆಯಂತೆ. ಪೆಟ್ಟಿಗೆ ಬಿಚ್ಚಿ, ಸ್ಕ್ರೂಗಳನ್ನೆಲ್ಲ ಪೇಪರಿನ ಮೇಲೆ ಹರಡಿ ಕೂತಿದ್ದಾನೆ. ಹಿಂದಿನಿಂದ ನಾಗಶ್ರೀಯ ಧ್ವನಿ ಕೇಳುತ್ತಿತ್ತು: "ಬ್ಯಾಟರಿ ಲೈಟು ಹಿಡ್ದು ಹಿಡ್ದು ಕೈ ಸೋತೋಯ್ತು, ಮಾತು ಮುಗ್ಸಿ ಬನ್ನಿ."